ಹೊತ್ತು ಕಾಯದ ರಕ್ತನಂಜು

1929ರಲ್ಲಿ ಡಾ. ನಾ. ಸು. ಹರ್ಡೀಕರ, ಡಾ. ಕೊಕಟನೂರ ಮೊದಲಾದ ದೇಶಭಕ್ತ ವೈದ್ಯರು ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಸ್ಥಾಪಿಸಿ, ಒಳ್ಳೆಯ ಚಿಕಿತ್ಸೆಯು ಮಹಾನಗರಗಳ ಸೊತ್ತಲ್ಲವೆಂಬುದನ್ನು ತೋರಿಸಿಕೊಟ್ಟರು. ಆ ಮಾತನ್ನು ಇಂದು ಇನ್ನೊಂದು ವಿಷಯದಲ್ಲಿ ನೆನೆಯಬೇಕಾಗಿದೆ. ಅದು ರಕ್ತದ ನಂಜು.

ಗಾಯದಿಂದಲೋ ಬಾಣಂತಿತನದಿಂದಲೋ ಸೂಕ್ಷ್ಮಜಂತುಗಳು ರಕ್ತವನ್ನು ಸೇರಿದರೆ ರೋಗಿಯ ಆಯುಷ್ಯವನ್ನು ಗಂಟೆಗಳಲ್ಲಿ ಎಣಿಸಬೇಕಾಗುವದು. 2017ರೊಂದರಲ್ಲಿಯೇ ಜಗತ್ತಿನಲ್ಲಿ ಸುಮಾರು 4 ಕೋಟಿ 89 ಲಕ್ಷ ಜನರು ಸೋಂಕಿನ ನಂಜಿಗೆ ತುತ್ತಾದರೆಂದೂ, ಅದರಿಂದ 1 ಕೋಟಿ 10 ಲಕ್ಷ ಮರಣಗಳಾದವೆಂದೂ ತಜ್ಞರ ಅಂದಾಜು. ಯಾವ ಜಂತು, ಅದಕ್ಕೆ ಯಾವ ಔಷಧ ನಾಟುವದು ಎಂಬುದು ತಿಳಿಯುವ ವರೆಗೆ ವೈದ್ಯನು ಊಹೆಯ ಮೇಲೆಯೇ ಬಲವಾದ ಔಷಧವನ್ನು ಕೊಡುತ್ತಿರಬೇಕು. ಔಷಧಕ್ಕೆ ಬಗ್ಗದ ಜಂತುಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಆ ಊಹೆ ತಪ್ಪುವದೂ ಉಂಟು.

ಹಿಂದೆ ರಕ್ತ ತುಂಬಿದ ಸೀಸೆಯನ್ನು ಕಾವಿನಲ್ಲಿಟ್ಟು, ದಿನಕ್ಕೆ ಒಂದೆರಡು ಬಾರಿ ಕಣ್ಣಿನಿಂದ ನೋಡುತ್ತಿದ್ದರು. ಈಗಿನ ಯಂತ್ರವು ಪ್ರತಿ ಹತ್ತು ನಿಮಿಷಕ್ಕೊಮ್ಮೆ ತಾನೇ ನೋಡಿಕೊಳ್ಳುವದು. ಜಂತುಗಳು ಬೆಳೆದಂತೆ ಹೊರಬೀಳುವ ಇಂಗಾಲದ ಡೈ ಆಕ್ಸೈಡ್ ವಾಯುವನ್ನು ಸೀಸೆಯ ತಳದ ಬಿಲ್ಲೆಯು ಗುರುತಿಸಿದೊಡನೆ ಗಂಟೆ ಬಾರಿಸುವದು. ಬಹುತೇಕ ಜಂತುಗಳು ಒಂದೆರಡು ದಿನಗಳಲ್ಲಿಯೇ ಸಿಕ್ಕಿಬೀಳುವವು. ಬೆಳೆದ ಜಂತುವಿನ ಹೆಸರನ್ನು ಲೇಸರ್ ಕಿರಣದ ಇನ್ನೊಂದು ಯಂತ್ರವು ಕೆಲವೇ ನಿಮಿಷಗಳಲ್ಲಿ ಹೇಳಬಲ್ಲದು. ಈ ಯಂತ್ರಗಳೂ ಸೀಸೆಗಳೂ ಬಹುಮಟ್ಟಿಗೆ ಪರದೇಶಿ ಕಂಪನಿಗಳವು ಎಂಬುದನ್ನು ಸ್ವದೇಶೀ ಮಾತನಾಡುವವರು ಗಮನಿಸಬೇಕು.

ಆದರೆ ರಾತ್ರಿ ಎರಡು ಗಂಟೆಗೆ ಯಂತ್ರವು ಕೂಗಿದರೆ ಕೇಳುವವರಾರು? ಪ್ರಯೋಗಶಾಲೆಗೆ ಬೀಗ ಬಿದ್ದಿದ್ದರೆ ಯಂತ್ರವು ಉಳಿಸಿದ ಹೊತ್ತನ್ನು ಮನುಷ್ಯನು ಕಳೆದಂತಾಗುವದು. ಘಟಪ್ರಭೆಯಿಂದ ಬೆಳಗಾವಿಗೆ ಸುಮಾರು 60 ಕಿಲೋಮೀಟರು. ಯಂತ್ರವಿಲ್ಲದ ಸಣ್ಣ ದವಾಖಾನೆಯಲ್ಲಿ ಸಂಜೆ ತೆಗೆದ ರಕ್ತವು ಮುಂಜಾನೆಯ ಬಸ್ಸಿಗೆ ಕಾದು ಕುಳಿತರೆ, ಬೆಳಗಾವಿಯಲ್ಲಿ ಎಂಥ ಯಂತ್ರವಿದ್ದು ಏನು ಫಲ? ಕೆಡದಿರಲೆಂದು ಆ ಸೀಸೆಯನ್ನು ತಂಪುಪೆಟ್ಟಿಗೆಯಲ್ಲಿಡುವದಂತೂ ಶುದ್ಧ ತಪ್ಪು. ಜಂತುವಿನ ಬೆಳವಣಿಗೆಯೇ ಕುಂಠಿತವಾಗುವದು.

ನಮ್ಮ ಜನರ ಒಂದು ರೂಢಿಯನ್ನೂ ಹೇಳಲೇಬೇಕು. ಜ್ವರ ಬಂದೊಡನೆ ಓಣಿಯ ಡಾಕ್ಟರರಿಂದ ಸೂಜಿ ಚುಚ್ಚಿಸಿಕೊಂಡು, ಮೂರನೆಯ ದಿನ ದೊಡ್ಡ ದವಾಖಾನೆಗೆ ಬರುವರು. ಜಂತುನಾಶಕವು ಮೈಸೇರಿದ ಮೇಲೆ ತೆಗೆದ ರಕ್ತದಲ್ಲಿ ಯಂತ್ರಕ್ಕೂ ಏನೂ ಕಾಣದೆ ಹೋಗಬಹುದು. ವಯಸ್ಕರಿಗೆ ಪ್ರತಿ ಸೀಸೆಗೆ 8ರಿಂದ 10 ಮಿ.ಲೀ. ರಕ್ತ ಬೇಕು, ಅದೂ ಎರಡು ಕಡೆಯಿಂದ. “ಇಷ್ಟೊಂದು ರಕ್ತ ಯಾಕ್ರೀ?” ಎಂದು ಮನೆಯವರು ಗಾಬರಿಯಾಗುವದು ಸಹಜ, ಸಮಾಧಾನದಿಂದ ತಿಳಿಸಿ ಹೇಳುವದು ವೈದ್ಯರ ಕರ್ತವ್ಯ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರೋಗಿಗಳಿಗೆ ಸಮೀಪದಲ್ಲಿಯೇ ಸೀಸೆಯನ್ನು ಕಾವಿಗಿಡುವ ಯಂತ್ರವಿರಲಿ. ಮುಂದಿನ ಸೂಕ್ಷ್ಮ ಪರೀಕ್ಷೆಗಳು ಬೆಳಗಾವಿಯಲ್ಲಾಗಲಿ. ಫಲಿತಾಂಶವು ಕಾಗದಕ್ಕೆ ಕಾಯದೆ ದೂರವಾಣಿಯಿಂದ ವೈದ್ಯನನ್ನು ಮುಟ್ಟಲಿ. ಇದಕ್ಕಾಗಿ ಸರಕಾರವು ಹಣ ತೆಗೆದಿಡುವಾಗ ಯಂತ್ರದ ಬೆಲೆಯ ಕೆಳಗೆ ರಾತ್ರಿಪಾಳಿಯ ತಂತ್ರಜ್ಞನ ಸಂಬಳವನ್ನೂ ಬರೆಯಬೇಕೆಂದು ನಾವು ಕೇಳುತ್ತೇವೆ.