ನಗುವುದು ಮತ್ತು ಸ್ಮೈಲ್ ಕೊಡುವುದು: ಮಂಡ್ಯ, ಮದ್ದೂರು, ಮಳವಳ್ಳಿಯ ಆಡುನುಡಿಯಲ್ಲಿ ಒಂದು ಎರವಲು ಪದದ ಅರ್ಥವ್ಯಾಪ್ತಿ

‘ಅವ್ಳು ನನ್ ನೋಡಿ ನಕ್ಳು’ ಎಂಬ ವಾಕ್ಯವನ್ನು ಇಂಗ್ಲಿಷಿಗೆ ತರುವವರು ಒಂದು ಕ್ಷಣ ತಡೆಯಬೇಕಾಗುತ್ತದೆ. ಆಕೆ ಪರಿಚಯ ತೋರಿ ನಕ್ಕಳೇ, ಗೇಲಿ ಮಾಡಿ ನಕ್ಕಳೇ? ಕನ್ನಡದ ವಾಕ್ಯ ಎರಡಕ್ಕೂ ಎಡೆ ಕೊಡುತ್ತದೆ. ಇಂಗ್ಲಿಷಿನಲ್ಲಿ ‘ಸ್ಮೈಲ್’ ಮತ್ತು ‘ಲಾಫ್’ಗಳ ನಡುವೆ ಒಂದನ್ನು ಆಯಲೇಬೇಕು. ಉಪಭಾಷೆಯ ಪಠ್ಯಕ್ಕೆ ಪದಶಃ ಅರ್ಥ ಬರೆಯುವ ಸಂಶೋಧಕನಿಗೆ ಇದು ಸಣ್ಣ ತೊಡಕೆಂದು ತೋರಬಹುದು. ಆದರೆ ಬೀದಿ ಜಗಳವೊಂದರ ಹೇಳಿಕೆಯಲ್ಲಿ ಇದೇ ವಾಕ್ಯ ಬಂದಾಗ, ಅನುವಾದಕನ ಆಯ್ಕೆಯೇ ಒಬ್ಬರನ್ನು ಸ್ನೇಹಪರರನ್ನಾಗಿ ಅಥವಾ ಅವಮಾನಿಸಿದವರನ್ನಾಗಿ ಮಾಡಿಬಿಡುತ್ತದೆ.

ಈ ಸಂದಿಗ್ಧವನ್ನು ಆಡುನುಡಿ ತಾನೇ ಪರಿಹರಿಸಿಕೊಂಡಿರುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ. ಮಂಡ್ಯ, ಮದ್ದೂರು, ಮಳವಳ್ಳಿಯ ದಿನಬಳಕೆಯ ಮಾತಿನಲ್ಲಿ ‘ಸ್ಮೈಲ್’ ಎಂಬ ಎರವಲು ನೆಲೆಗೊಂಡಿದೆ. ಪಟ್ಟಣದ ಹುಡುಗರ ಶೋಕಿಯೆಂದು ಅದನ್ನು ಬದಿಗಿಡುವುದು ಸುಲಭ. ಆದರೆ ಅದು ‘ನಗು’ವಿನ ಜಾಗವನ್ನು ಕಸಿದುಕೊಂಡಿಲ್ಲ, ‘ನಗು’ ಬೇರ್ಪಡಿಸಿ ಹೇಳದಿದ್ದ ಒಂದು ಅರ್ಥವನ್ನು ಮಾತ್ರ ಹಿಡಿದುಕೊಂಡಿದೆ ಎಂಬುದು ನಮ್ಮ ವಾದ. ಮುಂದಿನ ಉದಾಹರಣೆಗಳು ಮಾತೃಭಾಷಿಕರ ಭಾಷಾಪ್ರಜ್ಞೆಯನ್ನು ಆಧರಿಸಿದವು. ಎಣಿಕೆಯ ಸಾಕ್ಷ್ಯವಾಗಿ ಇವನ್ನು ಮುಂದಿಡುತ್ತಿಲ್ಲ.

ಮುಗುಳ್ನಗೆ, ಕಿರುನಗೆ, ನಸುನಗೆ, ಮಂದಹಾಸಗಳು ಇರುವಾಗ ಎರವಲೇಕೆ ಎಂಬ ಪ್ರಶ್ನೆ ಸಹಜ. ಇವೆಲ್ಲ ಬರಹದ ಪದಗಳು. ಮಳವಳ್ಳಿ ಸಂತೆಯಲ್ಲಿ ಯಾರೂ ಯಾರನ್ನು ಕಂಡೂ ‘ಮುಗುಳ್ನಗುವುದಿಲ್ಲ’. ಮಾತಿನಲ್ಲಿ ಬೇಕಾದರೆ ‘ವಸಿ ನಕ್ಳು’ ಎನ್ನುತ್ತಾರೆ. ಮೇಲಾಗಿ ಈ ಸಮಾಸಗಳು ನಗೆಯ ಪ್ರಮಾಣವನ್ನು ಅಳೆಯುತ್ತವೆಯೇ ಹೊರತು ಅದು ಯಾರಿಗೆ ಸಲ್ಲುತ್ತದೆಂದು ಹೇಳುವುದಿಲ್ಲ. ನಾಟ್ಯಶಾಸ್ತ್ರ ಹಾಸವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರಾಗಿ ವಿಂಗಡಿಸುವಾಗಲೂ ಹಲ್ಲು ಕಾಣುವುದು, ದನಿ ಏಳುವುದು ಮುಂತಾದ ಹೊರಚಹರೆಗಳೇ ಮುಖ್ಯ. ಪ್ರಾಸಂಗಿಕವಾಗಿ ಹೇಳುವುದಾದರೆ, ಇಂಗ್ಲಿಷಿನ ‘ಸ್ಮೈಲ್’ ಮತ್ತು ಸಂಸ್ಕೃತದ ‘ಸ್ಮಿ’ ಧಾತು ಒಂದೇ ಇಂಡೋ-ಯುರೋಪಿಯನ್ ಮೂಲದವು. ಸ್ಮಿತವಾಗಿ ಬಂದಾಗ ಕಾವ್ಯದಲ್ಲೂ ಹೆಣ್ಣುಮಕ್ಕಳ ಹೆಸರಿನಲ್ಲೂ ಉಳಿದ ಮೂಲ, ಸ್ಮೈಲ್ ಆಗಿ ಮತ್ತೆ ಬಂದು ಬಸ್ ನಿಲ್ದಾಣದ ಮಾತನ್ನು ಸೇರಿದೆ.

ಎರವಲಿನ ಜೊತೆ ಬರುವ ಕ್ರಿಯಾಪದವನ್ನು ಗಮನಿಸಬೇಕು. ‘ನನ್ ನೋಡಿ ಸ್ಮೈಲ್ ಕೊಟ್ಳು’ ಎಂದಾಗ ಗೇಲಿಯ ಅರ್ಥ ಬರುವುದಿಲ್ಲ. ‘ಕೊಡು’ ಪಡೆಯುವವನೊಬ್ಬನನ್ನು ಬೇಡುತ್ತದೆ. ‘ನಂಗೊಂದು ಸ್ಮೈಲ್ ಕೊಟ್ಳು’ ಎಂದು ಚತುರ್ಥಿ ವಿಭಕ್ತಿ ನಿಸ್ಸಂಕೋಚವಾಗಿ ಬರುತ್ತದೆ. ‘ನಂಗೆ ನಕ್ಳು’ ಎನ್ನಲಾಗದು. ‘ನನ್ ನೋಡಿ’ ಅಥವಾ ‘ನನ್ ಕಂಡು’ ಎಂದೇ ಆಗಬೇಕು. ಕ್ಯಾಮೆರಾದ ಮುಂದೆ ನಿಂತವರಿಗೆ ‘ವಸಿ ಸ್ಮೈಲ್ ಮಾಡಿ’ ಎನ್ನುವುದೂ ಉಂಟು: ಅಲ್ಲಿ ಪಡೆಯುವವರಿಲ್ಲ, ಭಂಗಿ ಮಾತ್ರ ಇದೆ, ಆದ್ದರಿಂದ ‘ಮಾಡು’.

ಎರಡನೆಯ ಪರೀಕ್ಷೆ ಇನ್ನೂ ಸ್ಪಷ್ಟ. ‘ನಂಗೆ ನಗು ಬಂತು’ ಸರಿ. ‘ನಂಗೆ ಸ್ಮೈಲ್ ಬಂತು’ ಎಂದು ಯಾರೂ ಹೇಳರು. ‘ನಗು ತಡ್ಕೊಳ್ಳಕ್ಕಾಗ್ನಿಲ್ಲ’ ಎಂಬಲ್ಲಿಯೂ ಎರವಲು ನಿಲ್ಲದು. ತನ್ನಷ್ಟಕ್ಕೆ ಉಕ್ಕಿಬರುವುದು ನಗು. ಇಚ್ಛೆಪಟ್ಟು ಇನ್ನೊಬ್ಬರಿಗೆ ಸಲ್ಲಿಸುವುದು ಸ್ಮೈಲ್. ತೊಟ್ಟಿಲಲ್ಲಿ ಮಲಗಿದ ಕೂಸು ನಿದ್ದೆಯಲ್ಲಿ ‘ನಗ್ತದೆ’. ಎಚ್ಚರವಾಗಿ ತಾಯಿಯ ಮುಖ ನೋಡಿದಾಗ ‘ಸ್ಮೈಲ್ ಕೊಡ್ತದೆ’ ಎನ್ನಬಹುದು, ನಿದ್ದೆಯಲ್ಲಿರುವಾಗ ಹಾಗೆನ್ನಲಾಗದು. ಇಂಗ್ಲಿಷಿನಲ್ಲಿ ಈ ಎರಡಕ್ಕೂ ‘ಸ್ಮೈಲ್’ ಸಲ್ಲುತ್ತದೆ. ಅಂದರೆ ಎರವಲಾಗಿ ಬಂದ ಪದ ಇಲ್ಲಿ ಅರ್ಥಸಂಕೋಚಕ್ಕೆ ಒಳಗಾಗಿದೆ.

ಇನ್ನೊಂದು ತುದಿಯಲ್ಲಿ ದೇಶ್ಯವೇ ಆದ ‘ನಗಾಡು’ ನಿಂತಿದೆ. ಓಡಾಡು, ಅಲೆದಾಡು ಎಂಬಲ್ಲಿಯಂತೆ ‘ಆಡು’ ಕ್ರಿಯೆಯ ಆವೃತ್ತಿಯನ್ನು ಸೂಚಿಸುವುದರಿಂದ, ‘ಊರೋರೆಲ್ಲ ನಗಾಡ್ತಾವ್ರೆ’ ಎಂಬುದು ಮುಗುಳ್ನಗೆಯಾಗುವ ಪ್ರಶ್ನೆಯೇ ಇಲ್ಲ. ಹೀಗೆ ‘ನಗು’ ನಡುವೆ ಅಸ್ಪಷ್ಟವಾಗಿ ಉಳಿದು, ಅದರ ಒಂದು ಮಗ್ಗುಲಿಗೆ ‘ನಗಾಡು’, ಇನ್ನೊಂದು ಮಗ್ಗುಲಿಗೆ ‘ಸ್ಮೈಲ್ ಕೊಡು’ ನಿಲ್ಲುತ್ತವೆ. ನಗೆಪಾಟಲು, ನಗೆಗೀಡು ಎಂಬ ಪದಗಳಿರುವ ಭಾಷೆಯಲ್ಲಿ, ತನ್ನನ್ನು ನೋಡಿ ನಕ್ಕವರು ನಗಾಡಲಿಲ್ಲ ಎಂದು ಖಚಿತಪಡಿಸಿಕೊಳ್ಳುವ ಅಗತ್ಯ ಮಾತುಗಾರರಿಗೆ ಇರುವುದು ಆಶ್ಚರ್ಯವಲ್ಲ.

ಹಲ್ಲು ಕಾಣಿಸುವ ನಗೆಯ ಕಥೆ ಬೇರೆ. ‘ಯಾಕ್ಲಾ ಅಲ್ ಕಿರೀತೀಯ?’ ಎಂಬುದು ಗದರಿಕೆ (ಪದಾದಿಯ ಹಕಾರಲೋಪ ಈ ಭಾಗದಲ್ಲಿ ಸಾಮಾನ್ಯ). ‘ಹಲ್ಲು ಗಿಂಜು’ ಎಂದರೆ ದೈನ್ಯದಿಂದ ಬೇಡುವುದು. ಅಲ್ಲಿ ನಗೆ ಇದ್ದರೂ ಇಲ್ಲದಿದ್ದರೂ ಒಂದೇ. ಇಂಗ್ಲಿಷಿನ ‘ಗ್ರಿನ್’ ಕೂಡ ಹಳೆಯ ಇಂಗ್ಲಿಷಿನಲ್ಲಿ ನೋವು ಅಥವಾ ಸಿಟ್ಟಿನಿಂದ ಹಲ್ಲು ತೋರುವುದೇ ಆಗಿತ್ತು. ಕಾಲಕ್ರಮದಲ್ಲಿ ಉತ್ತಮಾರ್ಥ ಪಡೆಯಿತು. ಒಮ್ಮೆ ಬರಿಯ ನಸುನಗೆಯಾಗಿದ್ದ ‘ಸ್ಮರ್ಕ್’ ಹೀನಾರ್ಥಕ್ಕೆ ಇಳಿಯಿತು. ಕನ್ನಡದ ‘ಹಲ್ಲುಕಿರಿ’ಗೆ ಅಂಥ ಭಡ್ತಿ ಸಿಕ್ಕಿಲ್ಲ. ಆದ್ದರಿಂದ ‘ಗ್ರಿನ್’ಗೆ ‘ಹಲ್ಲುಕಿರಿ’ ಎಂದು ಬರೆಯುವ ಕೋಶಕಾರ ಚಹರೆಯನ್ನು ಸರಿಯಾಗಿ ಹಿಡಿದರೂ ಮನೋಭಾವವನ್ನು ತಪ್ಪಿಸಿಕೊಳ್ಳುತ್ತಾನೆ.

‘ಸ್ಮೈಲ್ ಕೊಡು’ ಎಲ್ಲರ ಬಗೆಗೂ ಸಮಾನವಾಗಿ ಸಲ್ಲುವುದಿಲ್ಲ. ಹುಡುಗ ಹುಡುಗಿಯರ ಸಂದರ್ಭದಲ್ಲಿ ಅದಕ್ಕೆ ಪ್ರಣಯದ ಸುಳಿವು ಅಂಟಿಕೊಳ್ಳುತ್ತದೆ. ‘ನಮ್ ತಾತ ಸ್ಮೈಲ್ ಕೊಟ್ಟ’ ಎಂದರೆ ಕೇಳಿದವರು ನಗುತ್ತಾರೆ. ತಾತನ ವಿಷಯದಲ್ಲಿ ‘ನಕ್ಕ’ ಎಂದೇ ಹೇಳಿ, ಗೇಲಿಯಲ್ಲವೆಂಬುದನ್ನು ದನಿಗೂ ಸಂದರ್ಭಕ್ಕೂ ಬಿಡಲಾಗುತ್ತದೆ. ಹಿರಿಯರ ನಗೆಯ ಮಟ್ಟಿಗೆ ಹಳೆಯ ಸಂದಿಗ್ಧ ಇನ್ನೂ ಹಾಗೆಯೇ ಉಳಿದಿದೆ.