ಸಂಖ್ಯಾಶಬ್ದಗಳೂ ಶಾಸನಗಳ ಕಾಲನಿರ್ಣಯವೂ

ಕ್ರಿ.ಶ. 1887ರಲ್ಲಿ ವಾರ್ಸಾ ನಗರದಲ್ಲಿ ಜಾಮೆನ್‌ಹಾಫ್ ಎಂಬ ವೈದ್ಯರು 'ಎಸ್ಪೆರಾಂಟೊ' ಎಂಬ ಕೃತಕ ಭಾಷೆಯನ್ನು ಪ್ರಕಟಿಸಿದರು. ಅದರಲ್ಲಿ ಎರಡಕ್ಕೆ 'ದು', ಹತ್ತಕ್ಕೆ 'ದೆಕ್', ಇಪ್ಪತ್ತಕ್ಕೆ 'ದುದೆಕ್'; ಒಂದು ಸಂಖ್ಯೆಗೆ ಒಂದೇ ಹೆಸರು. ನಮ್ಮ ಶಾಸ್ತ್ರಕಾರರ ಭೂತಸಂಖ್ಯಾಪದ್ಧತಿಯೂ ಬುದ್ಧಿಪೂರ್ವಕವಾಗಿ ಕಲ್ಪಿಸಿದ ಒಂದು ಸಂಖ್ಯಾಭಾಷೆಯೇ ಆಗಿದೆ. ಆದರೆ ಅದರ ಮಾರ್ಗ ಇದಕ್ಕೆ ತೀರ ವಿರುದ್ಧವಾದುದು. ಪದ್ಯದ ಛಂದಸ್ಸಿಗೆ ಹೊಂದಿಕೊಳ್ಳಬೇಕಾದುದರಿಂದ ಒಂದೊಂದು ಅಂಕಕ್ಕೂ ಹತ್ತಾರು ಹೆಸರುಗಳು ಬೇಕಾದುವು. ಚಂದ್ರ, ಭೂಮಿ ಎಂದರೆ ಒಂದು, ನಯನ, ಬಾಹು ಎಂದರೆ ಎರಡು, ಅಗ್ನಿಯೆಂದರೆ ಮೂರು. ಅಂಕಗಳನ್ನು ಬಲದಿಂದ ಎಡಕ್ಕೆ, ಎಂದರೆ ಏಕಸ್ಥಾನದಿಂದ ಮೊದಲುಮಾಡಿ, ಓದಿಕೊಳ್ಳತಕ್ಕದ್ದು.

ಎಲ್ಲ ಶಾಸನಗಳೂ ಈ ಮಾರ್ಗವನ್ನು ಹಿಡಿದಿಲ್ಲ. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯ ತಾಮ್ರಪಟಗಳು ಗಂಗದೊರೆ ಶ್ರೀಪುರುಷನು ಶ್ರೀಪುರದ ಜಿನಾಲಯಕ್ಕೆ ಕೊಟ್ಟ ದಾನವನ್ನು ತಿಳಿಸುತ್ತವೆ. ಅಲ್ಲಿ ಶಕವರ್ಷ 698 (ಕ್ರಿ.ಶ. 776-77) ಸಂಸ್ಕೃತದ ಸಾಮಾನ್ಯ ಸಂಖ್ಯಾವಾಚಕಗಳಲ್ಲಿಯೇ ಉಕ್ತವಾಗಿದೆ, ಜೊತೆಗೆ ಅದು ದೊರೆಯ ಆಳ್ವಿಕೆಯ 50ನೆಯ ವರ್ಷವೆಂಬ ಮಾತೂ ಇದೆ. ಇಂಥ ಕಡೆ ಸಂಶಯಕ್ಕೆ ಎಡೆಯಿಲ್ಲ. ತೊಡಕು ಹುಟ್ಟುವುದು ಒಂದು ಶಬ್ದಕ್ಕೆ ಎರಡು ಬೆಲೆಗಳಿರುವಲ್ಲಿ.

ಸಾಗರವೆಂದರೆ ಗಣಿತಜ್ಞರಿಗೆ ಸಾಧಾರಣವಾಗಿ ನಾಲ್ಕು. ಪುರಾಣದ ಸಪ್ತಸಾಗರಗಳನ್ನು ನೆನೆದ ಕವಿಗೆ ಏಳು. ಲೋಕವು ಮೂರೂ ಆಗಬಹುದು, ಏಳೂ ಹದಿನಾಲ್ಕೂ ಆಗಬಹುದು. ಬರೆದವನ ಮತವೂ ಇಲ್ಲಿ ಗಣನೆಗೆ ಬರುತ್ತದೆ. 'ರತ್ನ'ವೆಂದೊಡನೆ ನಮಗೆ ನವರತ್ನಗಳು ತೋರುತ್ತವೆ. ಆದರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಅದನ್ನು ಮೂರಕ್ಕೆ ಬಳಸಿದ್ದಾನೆ. ಜೈನರಿಗೆ ರತ್ನಗಳು ಮೂರಲ್ಲವೆ!

ಇಂಥ ಸಂದೇಹವನ್ನು ಸಂವತ್ಸರದ ಹೆಸರಿನಿಂದ ನೀಗಿಸಬಹುದೆಂಬುದು ವಾಡಿಕೆಯ ಉತ್ತರ. ಏಕಸ್ಥಾನದಲ್ಲಿಯೋ ದಶಸ್ಥಾನದಲ್ಲಿಯೋ ನಾಲ್ಕು ಏಳಾದರೆ ವ್ಯತ್ಯಾಸ 3 ಅಥವಾ 30 ವರ್ಷ. ಆಗ ಸಂವತ್ಸರ ಬೇರೆಯಾಗಿ, ತಪ್ಪು ತಾನಾಗಿಯೇ ಹೊರಬೀಳುತ್ತದೆ. ಆದರೆ ಶತಸ್ಥಾನದಲ್ಲಿ ಅದೇ ಪಲ್ಲಟವಾದರೆ ವ್ಯತ್ಯಾಸ 300 ವರ್ಷ. ಮುನ್ನೂರೆಂದರೆ ಅರವತ್ತರ ಐದು ಆವೃತ್ತಿಗಳು. ನಮ್ಮ ದಕ್ಷಿಣದೇಶದ ಗಣನೆಯಲ್ಲಿ ಸಂವತ್ಸರಗಳಿಗೆ ಲೋಪವಿಲ್ಲವಾದುದರಿಂದ ಎರಡು ವರ್ಷಗಳಿಗೂ ಒಂದೇ ಹೆಸರು ಬರುತ್ತದೆ. ಸಾಕ್ಷಿಯೆಂದು ನಂಬಿದುದೇ ಇಲ್ಲಿ ಮೂಕವಾಗುತ್ತದೆ.

ವಿವರಣೆಗಾಗಿ ನಾನೇ ಕಲ್ಪಿಸಿದ ಒಂದು ಉದಾಹರಣೆಯನ್ನು ನೋಡಬಹುದು: 'ನಯನ-ಅಗ್ನಿ-ಸಾಗರ-ಚಂದ್ರ'. ಸಾಗರವನ್ನು ನಾಲ್ಕೆಂದರೆ ಶಕ 1432, ಅಂದರೆ ಕ್ರಿ.ಶ. 1510-11, ಏಳೆಂದರೆ ಶಕ 1732, ಅಂದರೆ ಕ್ರಿ.ಶ. 1810-11. ಎರಡೂ ಪ್ರಮೋದೂತ ಸಂವತ್ಸರಗಳೇ. ರಾಜನ ಹೆಸರನ್ನಾದರೂ ನೋಡೋಣವೆಂದರೆ, ಮೊದಲನೆಯದರಲ್ಲಿ ವಿಜಯನಗರದ ಕೃಷ್ಣದೇವರಾಯ, ಎರಡನೆಯದರಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು! ಬಿರುದುಗಳಿಲ್ಲದೆ 'ಕೃಷ್ಣರಾಯ' ಎಂದಷ್ಟೇ ಇರುವ ಬರಹದಲ್ಲಿ ಶ್ರೀರಂಗಪಟ್ಟಣ, ನಾಗಮಂಗಲಗಳ ಸೀಮೆಯ ಒಂದು ದಾನವು ಮೂರು ಶತಮಾನ ಹಿಂದುಮುಂದಾಗುವ ಸಂಭವವಿದೆ. ಅದರೊಡನೆ ಆ ಗ್ರಾಮದ ಚರಿತ್ರೆಯೂ ಸ್ಥಾನಪಲ್ಲಟ ಹೊಂದುತ್ತದೆ.

ಕಟಪಯಾದಿ ಎಂಬ ಇನ್ನೊಂದು ಪದ್ಧತಿಯಲ್ಲಿ ಈ ದೋಷವಿಲ್ಲ. ಅಲ್ಲಿ ಒಂದು ಅಕ್ಷರಕ್ಕೆ ಒಂದೇ ಅಂಕ. ಸಂಗೀತಗಾರರು ಬಲ್ಲ 'ಮಾಯಾಮಾಳವಗೌಳ'ದಲ್ಲಿ ಮ ಐದು, ಯ ಒಂದು. ತಿರುಗಿಸಿದರೆ 15ನೆಯ ಮೇಳ. ನಿಖರತೆಯಲ್ಲಿ ಇದೇ ಮೇಲಾದರೂ, ಕವಿಗಳ ಒಲವು ಅರ್ಥವುಳ್ಳ ಶಬ್ದಗಳ ಕಡೆಗೆ ಹೋದುದು ಸಹಜವೇ ಆಗಿದೆ.

ಕಲ್ಲಿನ ಮೇಲಿನ ಬರಹವಾದರೆ ಲಿಪಿಯ ರೂಪವೇ ಸಾಮಾನ್ಯವಾಗಿ ನಿರ್ಣಯ ಹೇಳುತ್ತದೆ. ಹದಿನಾರನೆಯ ಶತಮಾನದ ಕೈಯನ್ನು ಹತ್ತೊಂಬತ್ತನೆಯದೆಂದು ಭ್ರಮಿಸುವವರು ವಿರಳ. ಆದರೆ ಮೂಲ ನಷ್ಟವಾಗಿ, ಕಡತದಲ್ಲಿಯೋ ಓಲೆಯಲ್ಲಿಯೋ ಪ್ರತಿಮಾತ್ರ ಉಳಿದಿರುವಲ್ಲಿ ಈ ಆಧಾರವಿಲ್ಲ. ಆಗ ಉಳಿಯುವುದು ತಿಥಿವಾರಗಳೂ ಗ್ರಹಣದ ಉಲ್ಲೇಖಗಳೂ ಮಾತ್ರ. 300 ವರ್ಷಗಳ ಅಂತರದಲ್ಲಿ ಅದೇ ತಿಥಿಗೆ ಅದೇ ವಾರ ಬರುವುದು ಆಕಸ್ಮಿಕ. ಆದುದರಿಂದ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳಂಥವುಗಳ ನೆರವಿನಿಂದ ಎರಡು ವರ್ಷಗಳಿಗೂ ಗಣಿಸಿ ನೋಡಬೇಕು. ವಾರದ ಹೆಸರೂ ಇಲ್ಲದ ಪ್ರತಿಗಳಲ್ಲಿ ಸಂಪಾದಕರು ಸಂವತ್ಸರದ ಹೊಂದಿಕೆಯನ್ನೇ ನೆಚ್ಚಿ ಒಂದು ಕಾಲವನ್ನು ಅಚ್ಚು ಮಾಡುವುದಕ್ಕಿಂತ, ಎರಡನ್ನೂ ಪಕ್ಕಪಕ್ಕದಲ್ಲಿ ಕೊಡುವುದು ಯುಕ್ತವೆಂದು ತೋರುತ್ತದೆ.