ಮಕ್ಕಳ ನೀರಿನ ಜಮಾ-ಖರ್ಚು

ಸಂಸ್ಕೃತದಲ್ಲಿ ನೀರಿಗೆ 'ಜೀವನ' ಎಂಬ ಹೆಸರೇ ಉಂಟು. ಅಮರಕೋಶವು ನೀರಿನ ಪರ್ಯಾಯ ಪದಗಳಲ್ಲಿ ಇದನ್ನೂ ಎಣಿಸಿದೆ. ಇದು ಬರಿಯ ಅಲಂಕಾರದ ಮಾತಲ್ಲ. ಆಗತಾನೆ ಹುಟ್ಟಿದ ಕೂಸಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ವರ್ಷ ತುಂಬುವ ಹೊತ್ತಿಗೆ ಅದು ನೂರಕ್ಕೆ 60ರ ಆಸುಪಾಸಿಗೆ ಇಳಿಯುತ್ತದೆ. ಇಷ್ಟಿದ್ದರೂ ಮಹಾನಗರದ ಅನೇಕ ಮನೆಗಳಲ್ಲಿ ಸಂಜೆ ಶಾಲೆಯ ಚೀಲವನ್ನು ಬಿಚ್ಚಿದಾಗ ಕಾಣುವುದೇನು? ಬೆಳಿಗ್ಗೆ ತಾಯಿ ತುಂಬಿಸಿಕೊಟ್ಟ ನೀರಿನ ಬಾಟಲಿ ಅರ್ಧಕ್ಕಿಂತ ಹೆಚ್ಚು ತುಂಬಿಯೇ ಹಿಂದಿರುಗಿರುತ್ತದೆ. 'ಯಾಕೆ ಕುಡಿಯಲಿಲ್ಲ?' ಎಂದು ಗದರಿದರೆ 'ಮರೆತುಹೋಯಿತಮ್ಮಾ' ಎಂಬ ಉತ್ತರ. ಮರುದಿನವೂ ಅದೇ ಬಾಟಲಿ, ಅದೇ ಗದರಿಕೆ, ಅದೇ ಉತ್ತರ.

ದೇಹದ ನೀರಿನ ಲೆಕ್ಕವೂ ಜಮಾ-ಖರ್ಚಿನ ಲೆಕ್ಕವೇ. ಮೂತ್ರ, ಬೆವರು, ಉಸಿರು, ಮಲ ಇವು ಖರ್ಚಿನ ಬಾಬುಗಳು. ಕುಡಿಯುವ ನೀರು, ಹಾಲು, ಸಾರು, ಹಣ್ಣು, ತರಕಾರಿ ಇವು ಜಮೆಯ ಬಾಬುಗಳು. ಮಕ್ಕಳ ಖಾತೆಯಲ್ಲಿ ಎರಡು ವಿಶೇಷಗಳಿವೆ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ದೊಡ್ಡವರದಕ್ಕಿಂತ ಹೆಚ್ಚು. ಆದುದರಿಂದ ಖರ್ಚು ಬೇಗ. ಆಟದ ಭರದಲ್ಲಿ ಬಾಯಾರಿಕೆಯ ಅರಿವೇ ಇರುವುದಿಲ್ಲ. ಆದುದರಿಂದ ಜಮೆ ತಡ. ಈ ಕೊರತೆಯು ತಲೆನೋವು, ಆಯಾಸ, ಮಲಬದ್ಧತೆ, ಉರಿಮೂತ್ರ ಮುಂತಾದ ರೂಪಗಳಲ್ಲಿ ತಲೆದೋರುವುದುಂಟು.

ವಲಸೆ ಬಂದ ಊರಿನ ಹವೆಯೂ ಈ ಲೆಕ್ಕವನ್ನು ಬದಲಿಸುತ್ತದೆ. ಮುಂಬಯಿ, ಚೆನ್ನೈಗಳ ತೇವದ ಗಾಳಿಯಲ್ಲಿ ಬೆವರು ಆರದೆ ಅಂಗಿ ತೊಯ್ದುಹೋಗುತ್ತದೆ. ಖರ್ಚು ಕಣ್ಣಿಗೆ ಕಾಣುತ್ತದೆ. ದೆಹಲಿಯ ಒಣ ಬಿಸಿಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಪುಣೆ, ಹೈದರಾಬಾದುಗಳ ಬೇಸಗೆಯಲ್ಲೂ ಬಹುಮಟ್ಟಿಗೆ ಹೀಗೆಯೇ. ಮೈಸೂರು, ಶಿವಮೊಗ್ಗಗಳ ತಂಪಿನಲ್ಲಿ ಬೆಳೆದ ತಂದೆತಾಯಿಗಳಿಗೆ ಈ ಗುಪ್ತ ಖರ್ಚು ಹೊಳೆಯದಿದ್ದರೆ ಆಶ್ಚರ್ಯವಿಲ್ಲ.

ಹಾಗಾದರೆ ಎಷ್ಟು ಬೇಕು? ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಬೇಕಾದ ದ್ರವವನ್ನು ಅಂದಾಜು ಮಾಡಲು ಹಾಲಿಡೇ ಮತ್ತು ಸೀಗರ್ ಎಂಬ ವೈದ್ಯರು 1957ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ತೂಕದ ಮೊದಲ 10 ಕಿಲೋಗಳಿಗೆ ಕಿಲೋ ಒಂದಕ್ಕೆ 100 ಮಿಲಿಲೀಟರು, ಮುಂದಿನ 10 ಕಿಲೋಗಳಿಗೆ 50, ಅದರಿಂದಾಚೆಗೆ 20. ಇದರಂತೆ 20 ಕಿಲೋ ತೂಗುವ ಮಗುವಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರು. ಹಾಲು, ಮಜ್ಜಿಗೆ, ಸಾರು ಎಲ್ಲವೂ ಇದರಲ್ಲಿ ಸೇರಿದವು. ಬಿಸಿಲಿನಲ್ಲಿ ಆಡುವ ದಿನ ಇನ್ನಷ್ಟು ಬೇಕು. ಆರು ತಿಂಗಳು ತುಂಬದ ಎಳೆಗೂಸುಗಳ ಮಾತು ಮಾತ್ರ ಬೇರೆ: ಅವಕ್ಕೆ ತಾಯಿಯ ಹಾಲೇ ಸಾಕು, ಬೇಸಗೆಯಲ್ಲಿಯೂ ನೀರು ಕುಡಿಸಕೂಡದು.

ಲೆಕ್ಕ ತಿಳಿದ ಮಾತ್ರಕ್ಕೆ ಮಗು ಕುಡಿಯುವುದಿಲ್ಲ. ಆಜ್ಞೆಯಿಂದ ಒಂದು ಲೋಟ ಇಳಿದೀತು, ಅಭ್ಯಾಸ ಹುಟ್ಟದು. ಅಭ್ಯಾಸ ಹುಟ್ಟುವುದು ಆಟದಿಂದ. ಮಗುವಿಗೆ ಒಂದು 'ನೀರಿನ ಪಾಸ್‌ಬುಕ್' ಮಾಡಿಕೊಡಬಹುದು. ಹಳೆಯ ನೋಟುಪುಸ್ತಕದಲ್ಲಿ ಗೆರೆ ಎಳೆದು, ಲೋಟ ಕುಡಿದಾಗಲೆಲ್ಲ ಮಗುವೇ ತನ್ನ ಕೈಯಾರೆ ಒಂದು ನೀಲಿ ಹನಿಯನ್ನು ಬರೆದು ಜಮೆ ಮಾಡಬೇಕು. ರಾತ್ರಿ ತಂದೆ ಅದಕ್ಕೆ ರುಜು ಹಾಕಬೇಕು. ಇದಕ್ಕೆ ಬಡ್ಡಿಯಾಗಿ ಮಿಠಾಯಿ ಬೇಡ. ಮಲಗುವಾಗ ಒಂದು ಕಥೆ ಹೆಚ್ಚು ಹೇಳಿದರೆ ಸಾಕು. ರಜೆಯಲ್ಲಿ ಅಜ್ಜಿಯೊಡನೆ ಚೌಕಾಬಾರ ಆಡುವಾಗ ಕಾಯಿ ಹಣ್ಣಾದಾಗಲೆಲ್ಲ ಒಂದು ಗುಟುಕು ಎಂಬ ನಿಯಮವಿಟ್ಟರೆ ಮೊಮ್ಮಗನೊಡನೆ ಅಜ್ಜಿಯೂ ಕುಡಿದಾಳು. ಆದರೆ ಯಾರು ಹೆಚ್ಚು ಕುಡಿಯುತ್ತಾರೆಂಬ ಪಂದ್ಯ ಮಾತ್ರ ಕೂಡದು. ಒಮ್ಮೆಗೇ ವಿಪರೀತ ನೀರು ಕುಡಿದರೆ ರಕ್ತದಲ್ಲಿನ ಉಪ್ಪಿನ ಅಂಶ ಕುಸಿದು ಅಪಾಯವಾಗುತ್ತದೆ. ಗುಟುಕು ಗುಟುಕಾಗಿ, ದಿನವಿಡೀ ಎಂಬುದೇ ಸರಿಯಾದ ಕ್ರಮ.

ಫ್ಲ್ಯಾಟಿನ ಅಡಿಗೆಮನೆಯ ಮೂಲೆಯಲ್ಲಿ ಒಂದು ಮಣ್ಣಿನ ಹೂಜಿ ಇರಲಿ. ಅದರೊಳಗೆ ತೊಳೆದ ಲಾವಂಚದ ಬೇರನ್ನು ಹಾಕಿದರೆ ನೀರಿಗೆ ಬರುವ ಪರಿಮಳ ಮಗುವನ್ನು ತಾನಾಗಿಯೇ ಕರೆಯುತ್ತದೆ. ಹೂಜಿ ಏಕೆ ತಣ್ಣಗಿರುತ್ತದೆ ಎಂಬುದೇ ಒಂದು ವಿಜ್ಞಾನದ ಪಾಠ: ಸಣ್ಣ ರಂಧ್ರಗಳಿಂದ ಹೊರಬಂದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ದೆಹಲಿಯ ಒಣ ಬೇಸಗೆಯಲ್ಲಿ ಹೂಜಿ ಚೆನ್ನಾಗಿ ತಂಪಾಗುವುದು, ಮುಂಬಯಿಯ ತೇವದಲ್ಲಿ ಅಷ್ಟಾಗಿ ತಂಪಾಗದಿರುವುದು ಏಕೆಂದು ಕೇಳಿದರೆ, ಉತ್ತರ ಹುಡುಕುತ್ತ ಹುಡುಗ ಎರಡು ಲೋಟ ಮುಗಿಸಿರುತ್ತಾನೆ.

ಇನ್ನು ರುಚಿಯ ವಿಷಯ. ಬಂದವರಿಗೆ ಬೆಲ್ಲ-ನೀರು ಕೊಟ್ಟು ಉಪಚರಿಸಿದ ನಾಡು ನಮ್ಮದು. ಶ್ರೀರಾಮನವಮಿಯ ಪಾನಕ, ನೀರುಮಜ್ಜಿಗೆ, ಸೌತೆಕಾಯಿಯ ಕೋಸಂಬರಿ ಇವು ಬೇಸಗೆಯ ಬಾಗಿಲಲ್ಲಿ ಹಿರಿಯರು ಇಟ್ಟ ನೀರಿನ ಠೇವಣಿಗಳೇ ಸರಿ. ನೆಲೆಸಿದ ಊರುಗಳೂ ಬಡವಾಗಿಲ್ಲ. ಮುಂಬಯಿಯ ಕೋಕಂ ಕರಾವಳಿಯವರ ಪುನರ್ಪುಳಿಯೇ. ದೆಹಲಿಯ 'ಪನ್ನಾ' ನಮ್ಮ ಮಾವಿನಕಾಯಿಯ ಪಾನಕದ ಸೋದರ. ಚೆನ್ನೈಯ 'ನೀರ್ ಮೋರ್' ನಮ್ಮ ನೀರುಮಜ್ಜಿಗೆಯೇ. ಮಜ್ಜಿಗೆಗೆ ಒಗ್ಗರಣೆ ಹಾಕುವುದನ್ನು ಅಮ್ಮ ನೋಡಿಕೊಳ್ಳಲಿ; ಕೊತ್ತಂಬರಿ ಸೊಪ್ಪು ಉದುರಿಸಿ ಕಡೆಯುವ ಕೆಲಸವನ್ನು ಮಗುವಿಗೆ ಬಿಡಲಿ. ತಾನು ಕಡೆದ ಮಜ್ಜಿಗೆಯನ್ನು ಬೇಡವೆನ್ನುವ ಮಗು ಅಪರೂಪ. ಆದರೆ ಬೆಲ್ಲ, ಸಕ್ಕರೆಯ ಪಾನೀಯಗಳು ಹಬ್ಬಕ್ಕೆ ಸಲ್ಲುವಂಥವು. ನಿತ್ಯದ ಜಮೆಗೆ ಬರಿ ನೀರೇ ಬಂಡವಾಳ.

ಶಾಲೆಯ ಆರೇಳು ಗಂಟೆಗಳ ಪ್ರಶ್ನೆ ಉಳಿಯುತ್ತದೆ. 2019ರಲ್ಲಿ ಕೇರಳದ ಕೆಲವು ಶಾಲೆಗಳು ಒಂದು ಸುಲಭೋಪಾಯವನ್ನು ಕಂಡುಕೊಂಡವು: ಪಾಠದ ನಡುವೆ 'ನೀರಿನ ಗಂಟೆ' ಬಾರಿಸುವುದು. ಗಂಟೆಯಾದೊಡನೆ ಎಲ್ಲರೂ ಒಟ್ಟಿಗೆ ಬಾಟಲಿ ತೆರೆಯುತ್ತಾರೆ. ಒಬ್ಬನೇ ಕುಡಿಯಲು ಮರೆಯುವ ಹುಡುಗ ಗುಂಪಿನಲ್ಲಿ ಮರೆಯಲಾರ. ಈ ಪದ್ಧತಿ ಬೇರೆ ರಾಜ್ಯಗಳಿಗೂ ಹಬ್ಬಿತು. ತಮ್ಮ ಮಕ್ಕಳ ಶಾಲೆಯಲ್ಲಿ ಇದು ಇಲ್ಲವಾದರೆ ಪಾಲಕರ ಸಭೆಯಲ್ಲಿ ಕೇಳಬಹುದು; ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಆದರೆ 'ಮರೆತುಹೋಯಿತು' ಎಂಬ ಉತ್ತರದ ಹಿಂದೆ ಕೆಲವೊಮ್ಮೆ ಬೇರೊಂದು ಕಾರಣ ಅಡಗಿರುತ್ತದೆ. ಶಾಲೆಯ ಶೌಚಾಲಯ ಕೊಳಕಾಗಿದ್ದರೆ, ಅದರ ಅಗಳಿ ಮುರಿದಿದ್ದರೆ, ತರಗತಿಯಿಂದ ಹೊರಗೆ ಹೋಗಲು ಅನುಮತಿ ಸಿಗದಿದ್ದರೆ ಮಗು ಬುದ್ಧಿಪೂರ್ವಕವಾಗಿಯೇ ನೀರು ಬಿಡುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಕುಡಿಯದೆ, ಮೂತ್ರವನ್ನು ಗಂಟೆಗಟ್ಟಲೆ ತಡೆದುಕೊಂಡರೆ ಸೋಂಕಿಗೆ ದಾರಿಯಾಗುತ್ತದೆ. ಆಗ ಎಷ್ಟು ಆಟ ಹೂಡಿದರೂ ಬಾಟಲಿ ಖಾಲಿಯಾಗದು. ಆದುದರಿಂದ ಗದರುವ ಮೊದಲು, ಹತ್ತಿರ ಕುಳ್ಳಿರಿಸಿಕೊಂಡು 'ಶಾಲೆಯಲ್ಲಿ ಬಚ್ಚಲಿಗೆ ಹೋಗುತ್ತೀಯಾ, ಮಗೂ?' ಎಂದು ಮೆಲ್ಲಗೆ ಕೇಳಬೇಕು. ಉತ್ತರ ಬಂದ ಮೇಲೆ ಮಾತಾಡಬೇಕಾದದ್ದು ಮಗುವಿನೊಡನೆ ಅಲ್ಲ, ಮುಖ್ಯೋಪಾಧ್ಯಾಯರೊಡನೆ.

ವಾಂತಿ-ಭೇದಿಯ ಹೊತ್ತು ಆಟದ ಹೊತ್ತಲ್ಲ. 1971ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು-ಸಕ್ಕರೆಯ ದ್ರಾವಣದಿಂದ ಕಾಲರಾ ರೋಗಿಗಳನ್ನು ಉಳಿಸಿದುದು ಪ್ರಸಿದ್ಧ ಸಂಗತಿ. ಆ ಓ.ಆರ್.ಎಸ್. ಪೊಟ್ಟಣವೊಂದು ಮನೆಯಲ್ಲಿ ಸದಾ ಇರತಕ್ಕದ್ದು. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ, ಕುದಿಸಿ ಆರಿಸಿದ ನೀರಿನಲ್ಲಿ, ಅದನ್ನು ಕಲಸಬೇಕು; 24 ಗಂಟೆಗಳ ಬಳಿಕ ಉಳಿದದ್ದನ್ನು ಚೆಲ್ಲಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳು ಈ ಹೆಸರನ್ನು ಹೊತ್ತು ಮಾರಾಟವಾಗುವುದನ್ನು 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ನಿಷೇಧಿಸಿತು. ಮಗುವಿನ ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಬಹಳ ಹೊತ್ತು ಮೂತ್ರವಾಗದಿದ್ದರೆ, ಮಂಕಾಗಿ ಮಲಗಿದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಉಳಿದ ದಿನಗಳಲ್ಲಿ ದೊಡ್ಡ ಉಪಾಯ ಒಂದೇ. ಕಚೇರಿಯಿಂದ ಬಂದ ತಂದೆ ಚಹಾದ ಲೋಟಕ್ಕೆ ಕೈಚಾಚುವ ಮೊದಲು ಹೂಜಿಯಿಂದ ಎರಡು ಲೋಟ ನೀರು ಬಗ್ಗಿಸಿ, ಒಂದನ್ನು ಮಗುವಿನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಕುಡಿಯಲಿ. ಹೇಳಿದ್ದನ್ನು ಮರೆಯುವ ಮಕ್ಕಳು ಕಂಡದ್ದನ್ನು ಮರೆಯುವುದಿಲ್ಲ.